ಕಾಲರಾ ಕ್ರಿಮಿಯ ವಿಷವೂ ಅದರ ಆಜ್ಞಾಕ್ರಮವೂ

ಮನುಷ್ಯಕುಲವನ್ನು ಕಾಡಿದ ರೋಗಗಳಲ್ಲಿ ಕೆಲವು ಮೆಲ್ಲಮೆಲ್ಲನೆ ಬಂದು ವರ್ಷಗಟ್ಟಲೆ ನವೆಯಿಸುತ್ತವೆ. ಮತ್ತೆ ಕೆಲವು ಬಂದ ದಿನವೇ ಪ್ರಾಣವನ್ನು ಒಯ್ಯುತ್ತವೆ. ಈ ಎರಡನೆಯ ಬಗೆಯವುಗಳಲ್ಲಿ ಕಾಲರಾ ಅಗ್ರಗಣ್ಯವಾದುದು. ಕನ್ನಡನಾಡಿನ ಜನರು ಇದನ್ನು ವಾಂತಿಭೇದಿಯೆಂದು ಕರೆದರು. ಪಂಡಿತರು ಆಯುರ್ವೇದದ ವಿಷೂಚಿಕೆಯೆಂಬ ಹೆಸರನ್ನು ಇದಕ್ಕೆ ಹೊಂದಿಸಿದರು. ಬೆಳಗ್ಗೆ ಗಟ್ಟಿಮುಟ್ಟಾಗಿ ಹೊಲಕ್ಕೆ ಹೋದವನು ಸಂಜೆಯ ಹೊತ್ತಿಗೆ ಕಣ್ಣು ಗುಳಿಬಿದ್ದು, ಚರ್ಮ ಸುಕ್ಕುಗಟ್ಟಿ, ದನಿಯಡಗಿ ಮಲಗುವನು. ಅಕ್ಕಚ್ಚಿನಂಥ ಭೇದಿಯು ರೋಗ ಉಲ್ಬಣಿಸಿದಾಗ ಗಂಟೆಗೆ ಒಂದು ಲೀಟರಿನಷ್ಟು ನೀರನ್ನು ದೇಹದಿಂದ ಹೊರಗೆ ಸೆಳೆಯಬಲ್ಲುದು. ರೋಗಿಯನ್ನು ಕೊಲ್ಲುವುದು ಈ ನೀರಿನ ನಷ್ಟವೇ ಹೊರತು ಜ್ವರವಲ್ಲ, ಹುಣ್ಣಲ್ಲ.

ಇಷ್ಟೊಂದು ಕ್ರೂರವಾದ ಈ ರೋಗಕ್ಕೆ ಕಾರಣವಾದ ಕ್ರಿಮಿಯು ತನ್ನ ಆಯುಸ್ಸಿನ ಬಹುಭಾಗವನ್ನು ಯಾರಿಗೂ ಕೇಡುಮಾಡದೆ ಕಳೆಯುತ್ತದೆ ಎಂದರೆ ಆಶ್ಚರ್ಯವಾದೀತು. ನದಿಗಳು ಕಡಲನ್ನು ಸೇರುವ ಅಳಿವೆಗಳಲ್ಲಿ, ಉಪ್ಪೂ ಸಿಹಿಯೂ ಬೆರೆತ ನೀರಿನಲ್ಲಿ, ಕಣ್ಣಿಗೆ ಕಾಣಿಸಿಯೂ ಕಾಣಿಸದಷ್ಟು ಸಣ್ಣ ಜಲಜೀವಿಗಳ ಕವಚವನ್ನು ಹಿಡಿದುಕೊಂಡು ಅದು ಬದುಕುತ್ತದೆ. ಅಲ್ಲಿ ಅದಕ್ಕೆ ವಿಷದ ಅಗತ್ಯವಿಲ್ಲ. ಅದೇ ಕ್ರಿಮಿಯು ಮನುಷ್ಯನ ಸಣ್ಣ ಕರುಳನ್ನು ಹೊಕ್ಕೊಡನೆ ವಿಷವನ್ನು ತಯಾರಿಸತೊಡಗುತ್ತದೆ. ಕಣ್ಣಿಲ್ಲದ, ಕಿವಿಯಿಲ್ಲದ, ಒಂದೇ ಕೋಶದ ಈ ಜೀವಿಗೆ ತಾನು ಎಲ್ಲಿದ್ದೇನೆಂಬುದು ತಿಳಿಯುವ ಬಗೆ ಯಾವುದು? ವಿಷವನ್ನು ಈಗ ಮಾಡು, ಈಗ ಬೇಡ ಎಂದು ಅದಕ್ಕೆ ಆಜ್ಞೆ ಕೊಡುವವರಾರು? ಈ ಪ್ರಶ್ನೆಗೆ ಉತ್ತರವು ದೊರೆಯಲು ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಆ ಉತ್ತರದ ಇತಿಹಾಸದಲ್ಲಿ ಲಂಡನ್ನು, ಫ್ಲಾರೆನ್ಸು, ಬರ್ಲಿನ್ನುಗಳಂತೆಯೇ ಕಲ್ಕತ್ತೆಗೂ ಮುಖ್ಯವಾದ ಸ್ಥಾನವುಂಟು.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೆ ಕಾಲರಾ ಕೆಟ್ಟ ಗಾಳಿಯಿಂದ ಹುಟ್ಟುವುದೆಂದೇ ಯೂರೋಪಿನ ವೈದ್ಯರಲ್ಲಿ ಹೆಚ್ಚಿನವರು ನಂಬಿದ್ದರು. ಲಂಡನ್ನಿನ ವೈದ್ಯನಾದ ಜಾನ್ ಸ್ನೋ ಎಂಬಾತನು ಈ ಮತವನ್ನು ಒಪ್ಪದೆ, ರೋಗವು ಕುಡಿಯುವ ನೀರಿನ ಮೂಲಕ ಹರಡುವುದೆಂದು ೧೮೪೯ರಲ್ಲಿಯೇ ಬರೆದನು. ೧೮೫೪ರಲ್ಲಿ ಸೋಹೋ ಎಂಬ ಕೇರಿಯಲ್ಲಿ ರೋಗವು ಭಯಂಕರವಾಗಿ ಹಬ್ಬಿದಾಗ, ಸತ್ತವರ ಮನೆಮನೆಗೂ ಹೋಗಿ ವಿಚಾರಿಸಿ, ಅವರಲ್ಲಿ ಬಹುಮಂದಿ ಬ್ರಾಡ್ ಬೀದಿಯ ಒಂದೇ ಪಂಪಿನ ನೀರನ್ನು ಕುಡಿದವರೆಂದು ತೋರಿಸಿಕೊಟ್ಟನು. ಆ ವರ್ಷ ಸೆಪ್ಟೆಂಬರ್ ೮ರಂದು ಅಧಿಕಾರಿಗಳು ಆ ಪಂಪಿನ ಹಿಡಿಯನ್ನು ಕಳಚಿಸಿದರು. ಅದೇ ೧೮೫೪ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಫಿಲಿಪ್ಪೋ ಪಾಚೀನಿಯೆಂಬ ಅಂಗರಚನಾಶಾಸ್ತ್ರಜ್ಞನು ಕಾಲರಾದಿಂದ ಸತ್ತವರ ಕರುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅಲ್ಲಿ ಅಸಂಖ್ಯಾತವಾದ ಸೂಕ್ಷ್ಮಜೀವಿಗಳನ್ನು ಕಂಡು ಅವಕ್ಕೆ ವಿಬ್ರಿಯೋ ಎಂದು ಹೆಸರಿಟ್ಟನು. ಲೋಕವು ಆತನ ಮಾತಿಗೆ ಕಿವಿಗೊಡಲಿಲ್ಲ. ನೂರಹನ್ನೊಂದು ವರ್ಷಗಳು ಕಳೆದಮೇಲೆ, ೧೯೬೫ರಲ್ಲಿ, ಜೀವಿಗಳ ನಾಮಕರಣವನ್ನು ನಿರ್ಣಯಿಸುವ ಅಂತರರಾಷ್ಟ್ರೀಯ ಮಂಡಲಿಯು ಈ ಕ್ರಿಮಿಯ ಹೆಸರಿನೊಡನೆ ಪಾಚೀನಿಯ ಹೆಸರನ್ನೂ ೧೮೫೪ ಎಂಬ ವರ್ಷವನ್ನೂ ಸೇರಿಸಿ ಅವನ ಋಣವನ್ನು ತೀರಿಸಿತು.

೧೮೮೩ರಲ್ಲಿ ಕಾಲರಾ ಈಜಿಪ್ಟಿಗೆ ಬಂದಾಗ, ಜರ್ಮನಿಯ ರಾಬರ್ಟ್ ಕಾಖನು ತನ್ನ ಸಂಗಡಿಗರೊಡನೆ ಅಲೆಕ್ಸಾಂಡ್ರಿಯಕ್ಕೆ ಹೋದನು. ಅಲ್ಲಿ ರೋಗವು ಇಳಿಮುಖವಾಗಲು, ಕೆಲಸವನ್ನು ಅರ್ಧಕ್ಕೆ ಬಿಡಲೊಪ್ಪದೆ ಅದೇ ವರ್ಷದ ಡಿಸೆಂಬರಿನಲ್ಲಿ ಕಲ್ಕತ್ತೆಗೆ ಬಂದನು. ೧೮೮೪ರ ಆರಂಭದಲ್ಲಿ ಅಲ್ಪವಿರಾಮದಂತೆ ಬಾಗಿದ ಆಕಾರದ ಕ್ರಿಮಿಯನ್ನು ಶುದ್ಧವಾಗಿ ಬೆಳೆಯಿಸಿ, ಕಾಲರಾ ರೋಗಿಗಳಲ್ಲಿಯೂ ರೋಗವಿದ್ದ ಕೇರಿಯ ಕೆರೆಯ ನೀರಿನಲ್ಲಿಯೂ ಅದು ಇರುವುದನ್ನು ತೋರಿಸಿದನು. ಆದರೆ ಒಂದು ತೊಡಕು ಉಳಿಯಿತು. ಕ್ರಿಮಿಯನ್ನು ಪ್ರಾಣಿಗಳಿಗೆ ಎಷ್ಟು ತಿನ್ನಿಸಿದರೂ ಅವಕ್ಕೆ ಕಾಲರಾ ಬರಲಿಲ್ಲ. ಕ್ರಿಮಿಯು ಒಂದು ವಿಷವನ್ನು ಉತ್ಪತ್ತಿಮಾಡುತ್ತಿರಬೇಕೆಂದು ಕಾಖನು ಊಹಿಸಿದನಾದರೂ ಆ ವಿಷವನ್ನು ಕೈಗೆ ಹಿಡಿದು ತೋರಿಸಲಾಗಲಿಲ್ಲ.

ಈ ತೊಡಕನ್ನೇ ಆಧಾರಮಾಡಿಕೊಂಡು ಕಾಖನನ್ನು ವಿರೋಧಿಸಿದವನು ಮ್ಯೂನಿಕ್ ನಗರದ ಆರೋಗ್ಯಶಾಸ್ತ್ರಜ್ಞನಾದ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್. ಕ್ರಿಮಿಯೊಂದೇ ರೋಗವನ್ನು ಉಂಟುಮಾಡಲಾರದು. ನೆಲ, ನೀರು, ಹವೆ, ಮನುಷ್ಯನ ದೇಹಸ್ಥಿತಿ ಇವೆಲ್ಲವೂ ಕೂಡಿಬರಬೇಕು ಎಂಬುದು ಆತನ ವಾದ. ಈ ವಾದವನ್ನು ಸಿದ್ಧಪಡಿಸುವುದಕ್ಕಾಗಿ ಎಪ್ಪತ್ತಮೂರು ವರ್ಷ ವಯಸ್ಸಿನ ಆ ವೃದ್ಧನು ೧೮೯೨ರ ಅಕ್ಟೋಬರ್ ೭ರಂದು, ಜಠರದ ಹುಳಿಯು ಕ್ರಿಮಿಯನ್ನು ಕೊಲ್ಲದಿರಲೆಂದು ಮೊದಲೇ ಸೋಡಾ ಬೆರೆಸಿ, ಕಾಲರಾ ಕ್ರಿಮಿಗಳು ಬೆಳೆದಿದ್ದ ದ್ರವವನ್ನು ಕುಡಿದನು. ಆತನಿಗೆ ಕೆಲವು ದಿನ ಅಲ್ಪಸ್ವಲ್ಪ ಭೇದಿಯಾಯಿತೇ ಹೊರತು ಬೇರೇನೂ ಆಗಲಿಲ್ಲ. ಅದೇ ತಿಂಗಳಲ್ಲಿ ಅವನ ಶಿಷ್ಯನಾದ ರುಡಾಲ್ಫ್ ಎಮ್ಮೆರಿಖನು ಹಾಗೆಯೇ ಕುಡಿದು ಗುರುವಿಗಿಂತ ಹೆಚ್ಚಾಗಿ ನರಳಿದನಾದರೂ ಬದುಕಿಕೊಂಡನು. ಅದೇ ೧೮೯೨ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಪಟ್ಟಣದಲ್ಲಿ ನದಿಯ ನೀರನ್ನು ಸೋಸದೆ ಕುಡಿದವರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಂದಿ ಕಾಲರಾದಿಂದ ಸತ್ತರು. ಮರಳಿನಲ್ಲಿ ಸೋಸಿದ ನೀರನ್ನು ಕುಡಿದ ನೆರೆಯ ಆಲ್ಟೋನ ಪಟ್ಟಣವು ಬಹುಮಟ್ಟಿಗೆ ಪಾರಾಯಿತು. ನೀರಿನ ವಿಷಯದಲ್ಲಿ ಪೆಟೆನ್‌ಕೋಫರನ ಮತವು ಸೋತಿತು. ಆದರೆ ಒಂದೇ ಕ್ರಿಮಿಯು ಒಮ್ಮೆ ಮೃತ್ಯುವಾಗಿಯೂ ಇನ್ನೊಮ್ಮೆ ಸಾಧುವಾಗಿಯೂ ನಡೆದುಕೊಳ್ಳುವುದೇಕೆ ಎಂಬ ಆತನ ಪ್ರಶ್ನೆಯು ಉತ್ತರವಿಲ್ಲದೆ ನಿಂತಿತು.

ಕಾಖನ ಶಿಷ್ಯನಾದ ರಿಚರ್ಡ್ ಫೈಫರನು ಕ್ರಿಮಿಯ ವಿಷವು ಅದರ ಒಡಲಿನೊಳಗೇ ಇದ್ದು, ಅದು ಸತ್ತು ಒಡೆದಾಗ ಮಾತ್ರ ಹೊರಬರುವುದೆಂದು ಬೋಧಿಸಿದನು. ಈ ಬೋಧೆಯು ಐವತ್ತು ವರ್ಷಗಳಿಗೂ ಮಿಕ್ಕು ಶಾಸ್ತ್ರಜ್ಞರ ಮನಸ್ಸನ್ನು ಆಳಿತು. ವಿಷವನ್ನು ಹುಡುಕಿದವರೆಲ್ಲ ಅದನ್ನು ರಕ್ತದಲ್ಲಿ ಹುಡುಕಿದರು; ಪ್ರಾಣಿಗಳ ರಕ್ತನಾಳಕ್ಕೂ ಹೊಟ್ಟೆಯ ಪೊರೆಗೂ ಕ್ರಿಮಿಯನ್ನು ಚುಚ್ಚಿದರು. ಕರುಳಿನ ರೋಗಕ್ಕೆ ಕಾರಣವನ್ನು ಕರುಳಿನೊಳಗೇ ನೋಡಬೇಕೆಂಬ ಸರಳವಾದ ವಿಚಾರವನ್ನು ಸಾಧಿಸಿ ತೋರಿಸಿದವರು ಕಲ್ಕತ್ತೆಯ ಶಂಭುನಾಥ ದೇ ಅವರು.

ಶಂಭುನಾಥ ದೇ ಅವರು ೧೯೧೫ರಲ್ಲಿ ಬಂಗಾಳದ ಹೂಗ್ಲಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಜನಿಸಿದರು. ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಲಂಡನ್ನಿನಲ್ಲಿ ರಾಯ್ ಕ್ಯಾಮೆರಾನರ ಕೆಳಗೆ ಸಂಶೋಧನೆ ನಡೆಸಿ, ೧೯೪೯ರಲ್ಲಿ ಪದವಿಯನ್ನು ಪಡೆದು ಸ್ವದೇಶಕ್ಕೆ ಮರಳಿದರು. ಕಾಲರಾ ರೋಗಿಗಳಿಗೆ ಕಲ್ಕತ್ತೆಯ ಆಸ್ಪತ್ರೆಗಳಲ್ಲಿ ಎಂದಿಗೂ ಕೊರತೆಯಿರಲಿಲ್ಲ. ಯಂತ್ರೋಪಕರಣಗಳಿಗೆ ಮಾತ್ರ ಕೊರತೆಯಿದ್ದಿತು. ದೇ ಅವರು ಮೊಲದ ಸಣ್ಣ ಕರುಳಿನ ಒಂದು ತುಂಡನ್ನು ದೇಹದಲ್ಲಿದ್ದಂತೆಯೇ ಎರಡೂ ಕಡೆ ದಾರದಿಂದ ಕಟ್ಟಿ, ನಡುವಿನ ಜಾಗಕ್ಕೆ ಕಾಲರಾ ಕ್ರಿಮಿಗಳನ್ನು ಚುಚ್ಚಿದರು. ಒಂದು ದಿನದೊಳಗಾಗಿ ಆ ತುಂಡು ಕಾಲರಾ ಭೇದಿಯನ್ನು ಹೋಲುವ ನೀರಿನಿಂದ ತುಂಬಿ ಉಬ್ಬಿಕೊಂಡಿತು. ಈ ಕ್ರಮವನ್ನು ಅವರು ೧೯೫೩ರಲ್ಲಿ ಪ್ರಕಟಿಸಿದರು. ಬಳಿಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕ್ರಿಮಿಗಳು ಬೆಳೆದ ದ್ರವವನ್ನು ಅತಿ ಸೂಕ್ಷ್ಮವಾದ ಸೋಸುಕದಲ್ಲಿ ಸೋಸಿ, ಒಂದು ಕ್ರಿಮಿಯೂ ಉಳಿಯದಂತೆ ಮಾಡಿ, ಆ ಬರಿಯ ದ್ರವವನ್ನು ಚುಚ್ಚಿ ನೋಡಿದರು. ಆಗಲೂ ಕರುಳು ಹಾಗೆಯೇ ಉಬ್ಬಿತು. ವಿಷವು ಕ್ರಿಮಿಯ ಒಡಲಿನೊಳಗೆ ಸೆರೆಯಾಗಿಲ್ಲ. ಬದುಕಿರುವ ಕ್ರಿಮಿಯೇ ಅದನ್ನು ಹೊರಕ್ಕೆ ಸುರಿಸುತ್ತದೆ ಎಂಬುದು ಇದರಿಂದ ಸ್ಥಿರಪಟ್ಟಿತು. ಈ ಫಲಿತಾಂಶವು ೧೯೫೯ರ ಮೇ ತಿಂಗಳಲ್ಲಿ ನೇಚರ್ ಪತ್ರಿಕೆಯಲ್ಲಿ ಬೆಳಕು ಕಂಡಿತು. ಅದೇ ವರ್ಷ ಮುಂಬಯಿಯ ಹಾಫ್‌ಕಿನ್ ಸಂಸ್ಥೆಯ ಎನ್. ಕೆ. ದತ್ತ ಮತ್ತು ಅವರ ಸಹೋದ್ಯೋಗಿಗಳು ಎಳೆಯ ಮೊಲಗಳ ಮೇಲೆ ನಡೆಸಿದ ಪ್ರಯೋಗಗಳೂ ವಿಷದ ಇರವನ್ನೇ ಸೂಚಿಸಿದವು.

ದೇ ಅವರಿಗೆ ಸ್ವದೇಶದಲ್ಲಿ ಅವರ ಕೆಲಸಕ್ಕೆ ತಕ್ಕ ಮನ್ನಣೆ ದೊರೆಯಲಿಲ್ಲ. ಅವರು ೧೯೭೩ರಲ್ಲಿ ನಿವೃತ್ತರಾದರು. ೧೯೭೮ರಲ್ಲಿ ಕಾಲರಾ ಮೊದಲಾದ ಭೇದಿರೋಗಗಳನ್ನು ಕುರಿತು ನೊಬೆಲ್ ಪ್ರತಿಷ್ಠಾನವು ಸ್ವೀಡನ್ನಿನಲ್ಲಿ ನಡೆಸಿದ ಗೋಷ್ಠಿಗೆ ಅವರನ್ನು ಆಹ್ವಾನಿಸಿದಾಗ ಸ್ವದೇಶದಲ್ಲಿ ಅವರ ಹೆಸರನ್ನು ಬಲ್ಲವರು ಕೆಲವರೇ. ನೊಬೆಲ್ ಪಾರಿತೋಷಿಕವನ್ನು ಪಡೆದಿದ್ದ ಜೋಶುವ ಲೆಡರ್‌ಬರ್ಗನು ಅವರಿಗೂ ಆ ಪಾರಿತೋಷಿಕವು ಸಲ್ಲಬೇಕೆಂದು ಸೂಚಿಸಿದ್ದನು. ದೇ ಅವರು ೧೯೮೫ರಲ್ಲಿ ತೀರಿಕೊಂಡರು. ಅವರ ಕೆಲಸದ ಹಿರಿಮೆಯನ್ನು ವಿಸ್ತಾರವಾಗಿ ಎತ್ತಿಹೇಳಿದ ಗೌರವವು ಬೆಂಗಳೂರಿಗೆ ಸೇರಿದ್ದು: ಅಲ್ಲಿಂದ ಪ್ರಕಟವಾಗುವ ಕರೆಂಟ್ ಸೈನ್ಸ್ ಪತ್ರಿಕೆಯು ೧೯೯೦ರಲ್ಲಿ ಅವರಿಗಾಗಿಯೇ ಒಂದು ವಿಶೇಷಾಂಕವನ್ನು ಹೊರಡಿಸಿತು. ಪಾಚೀನಿಗೆ ನೂರು ವರ್ಷ ಕಾಯಬೇಕಾಗಿ ಬಂದಿತ್ತು. ದೇ ಅವರಿಗೆ ಮರಣದವರೆಗೆ.

ವಿಷವಿದೆಯೆಂದು ತಿಳಿದಮೇಲೆ ಅದರ ಸ್ವರೂಪವನ್ನು ಅರಿಯುವ ಕೆಲಸ ವೇಗವಾಗಿ ನಡೆಯಿತು. ೧೯೬೯ರಲ್ಲಿ ಅಮೆರಿಕದ ರಿಚರ್ಡ್ ಫಿಂಕಲ್‌ಸ್ಟೈನ್ ಮತ್ತು ಜೋಸೆಫ್ ಲೊಸ್ಪಾಲುಟೊ ಅವರು ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅದು ಎರಡು ಬಗೆಯ ಭಾಗಗಳಿಂದ ಕೂಡಿದ ಪ್ರೋಟೀನು. ಐದು ಸಣ್ಣ ಭಾಗಗಳು ಉಂಗುರದಂತೆ ಕೂಡಿಕೊಂಡು ಕರುಳಿನ ಕೋಶವನ್ನು ಹಿಡಿಯುತ್ತವೆ. ಆರನೆಯದಾದ ಒಂದು ಭಾಗವು ಕೋಶದೊಳಗೆ ನುಗ್ಗುತ್ತದೆ. ಕೋಶದಲ್ಲಿ ಉಪ್ಪುನೀರಿನ ಹರಿವನ್ನು ತೆರೆದು ಮುಚ್ಚುವ ಒಂದು ವ್ಯವಸ್ಥೆಯಿದೆ. ವಿಷವು ಅದನ್ನು ತೆರೆದ ಸ್ಥಿತಿಯಲ್ಲಿಯೇ ಸಿಕ್ಕಿಸಿಬಿಡುತ್ತದೆ. ತೂಬಿನ ಬಾಗಿಲು ಮುರಿದ ಕೆರೆಯಂತೆ ದೇಹದ ನೀರೆಲ್ಲ ಕರುಳಿನೊಳಕ್ಕೆ ಹರಿದುಹೋಗುತ್ತದೆ.

ಈ ಜ್ಞಾನವು ಪ್ರಯೋಗಶಾಲೆಯಲ್ಲಿಯೇ ಉಳಿಯಲಿಲ್ಲ. ಸಕ್ಕರೆಯ ಜೊತೆಯಲ್ಲಿ ಉಪ್ಪನ್ನು ಒಳಕ್ಕೆ ಸೆಳೆದುಕೊಳ್ಳುವ ಬೇರೊಂದು ದ್ವಾರವು ಕರುಳಿನಲ್ಲಿರುವುದೆಂದು ೧೯೬೦ರಲ್ಲಿ ರಾಬರ್ಟ್ ಕ್ರೇನ್ ಎಂಬಾತನು ಸೂಚಿಸಿದ್ದನು. ಕಾಲರಾ ವಿಷವು ಈ ದ್ವಾರವನ್ನು ಕೆಡಿಸುವುದಿಲ್ಲ. ೧೯೭೧ರಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರು ಲಕ್ಷಗಟ್ಟಲೆ ಬಂದು ಗಡಿಯ ಬನಗಾಂವ್ ಮೊದಲಾದ ಊರುಗಳಲ್ಲಿ ಬೀಡುಬಿಟ್ಟಾಗ ಕಾಲರಾ ತಾಂಡವವಾಡಿತು. ರಕ್ತನಾಳಕ್ಕೆ ಏರಿಸುವ ಲವಣದ್ರವ ಸಾಲದಾಯಿತು. ಆಗ ವೈದ್ಯರಾದ ದಿಲೀಪ್ ಮಹಲನಬೀಸ್ ಅವರು ಉಪ್ಪು, ಅಡಿಗೆ ಸೋಡಾ, ಗ್ಲೂಕೋಸುಗಳನ್ನು ತೂಕಮಾಡಿ ಪೊಟ್ಟಣಕಟ್ಟಿಸಿ, ನೀರಿನಲ್ಲಿ ಕರಗಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಅದನ್ನು ಕುಡಿಸಿದರು. ಚಿಕಿತ್ಸೆ ಪಡೆದವರಲ್ಲಿ ಸಾಯುವವರ ಪ್ರಮಾಣವು ನೂರಕ್ಕೆ ನಾಲ್ಕಕ್ಕೂ ಕಡಿಮೆಯಾಯಿತು. ಮುರಿದ ತೂಬನ್ನು ದುರಸ್ತಿ ಮಾಡದೆಯೇ, ಇನ್ನೊಂದು ಕಾಲುವೆಯಿಂದ ನೀರನ್ನು ತುಂಬಿ ಕೆರೆಯನ್ನು ಉಳಿಸಿದಂತಾಯಿತು.

ಇಷ್ಟಾದರೂ ಮೊದಲಿನ ಪ್ರಶ್ನೆಯು ಹಾಗೆಯೇ ಇದ್ದಿತು. ಕ್ರಿಮಿಯು ವಿಷವನ್ನು ಯಾವಾಗಲೂ ಮಾಡುವುದಿಲ್ಲ. ಪ್ರಯೋಗಶಾಲೆಯಲ್ಲಿ ಆಹಾರದ ದ್ರವದ ಉಪ್ಪು, ಹುಳಿ, ಶಾಖಗಳು ಸ್ವಲ್ಪ ಬದಲಾದರೆ ವಿಷದ ಪ್ರಮಾಣವು ಏರುತ್ತಿತ್ತು, ಇಳಿಯುತ್ತಿತ್ತು. ಇದರ ಮರ್ಮವನ್ನು ಬಿಡಿಸಲು ಬೇಕಾದ ಕೀಲಿಕೈ ಪ್ಯಾರಿಸಿನಿಂದ ಬಂದಿತು. ಪ್ರಾಣಿಗಳಲ್ಲಿಯೂ ಗಿಡಗಳಲ್ಲಿಯೂ ತಂದೆತಾಯಿಗಳ ಗುಣವನ್ನು ಮಕ್ಕಳಿಗೆ ಸಾಗಿಸುವ ಜೀನುಗಳು ಬ್ಯಾಕ್ಟೀರಿಯಗಳಲ್ಲಿಯೂ ಇವೆ. ಒಂದೊಂದು ಜೀನೂ ಒಂದೊಂದು ಪ್ರೋಟೀನನ್ನು ತಯಾರಿಸುವ ವಿಧಾನವನ್ನು ಬರೆದಿಟ್ಟ ಓಲೆಯಂತೆ. ಆದರೆ ಮನೆಯ ಓಲೆಕಟ್ಟಿನಲ್ಲಿರುವ ಗ್ರಂಥಗಳನ್ನೆಲ್ಲ ಯಾರೂ ಒಂದೇ ದಿನ ಓದುವುದಿಲ್ಲ. ಬೇಕಾದಾಗ ಬೇಕಾದುದನ್ನು ಬಿಚ್ಚುತ್ತಾರೆ. ಕರುಳಿನಲ್ಲಿ ವಾಸಿಸುವ ಕೋಲೈ ಎಂಬ ಬ್ಯಾಕ್ಟೀರಿಯವು ಹಾಲಿನ ಸಕ್ಕರೆ ದೊರೆತಾಗ ಮಾತ್ರ ಅದನ್ನು ಅರಗಿಸುವ ಜೀನುಗಳನ್ನು ಬಿಚ್ಚುತ್ತದೆಂದೂ, ಉಳಿದ ವೇಳೆಯಲ್ಲಿ ಒಂದು ಕಾವಲುಗಾರ ಪ್ರೋಟೀನು ಆ ಜೀನುಗಳನ್ನು ಮುಚ್ಚಿಟ್ಟಿರುತ್ತದೆಂದೂ ಫ್ರಾನ್ಸ್ವಾ ಜಾಕೋಬ್ ಮತ್ತು ಜಾಕ್ ಮೊನೋ ಅವರು ೧೯೬೧ರಲ್ಲಿ ಪ್ರತಿಪಾದಿಸಿದರು. ಇದಕ್ಕಾಗಿ ಅವರಿಗೂ ಅವರ ಹಿರಿಯರಾದ ಆಂದ್ರೆ ಲ್ವೋಫರಿಗೂ ೧೯೬೫ರಲ್ಲಿ ನೊಬೆಲ್ ಪಾರಿತೋಷಿಕವು ದೊರೆಯಿತು.

ಆಹಾರದ ವಿಷಯದಲ್ಲಿ ನಡೆಯುವುದು ವಿಷದ ವಿಷಯದಲ್ಲಿಯೂ ನಡೆಯಬಹುದಲ್ಲವೆ? ಹಾರ್ವರ್ಡ್ ವೈದ್ಯಕೀಯ ವಿದ್ಯಾಲಯದಲ್ಲಿ ಜಾನ್ ಮೆಕಲಾನೋಸ್ ಮತ್ತು ವರ್ಜೀನಿಯಾ ಮಿಲ್ಲರ್ ಅವರು ಇದನ್ನು ಪರೀಕ್ಷಿಸಿದರು. ಕಾಲರಾ ಕ್ರಿಮಿಯ ಜೀನುಗಳ ತುಣುಕುಗಳನ್ನು ಕೋಲೈ ಬ್ಯಾಕ್ಟೀರಿಯದೊಳಗೆ ಒಂದೊಂದಾಗಿ ಸೇರಿಸಿ, ಅವುಗಳಲ್ಲಿ ಯಾವುದು ವಿಷದ ಜೀನನ್ನು ಕೆರಳಿಸುತ್ತದೆಂದು ಹುಡುಕಿದರು. ೧೯೮೪ರಲ್ಲಿ ಅಂಥದೊಂದು ಜೀನು ಸಿಕ್ಕಿತು. ಅದರ ಸಹವಾಸದಲ್ಲಿ ವಿಷದ ಜೀನಿನ ಚಟುವಟಿಕೆಯು ನೂರು ಪಟ್ಟಿಗೂ ಮಿಗಿಲಾಯಿತು. ಅದಕ್ಕೆ ಟಾಕ್ಸ್-ಆರ್ ಎಂದು ಹೆಸರಿಟ್ಟರು. ಈ ಜೀನಿನಿಂದ ಹುಟ್ಟುವ ಪ್ರೋಟೀನು ಕ್ರಿಮಿಯ ಒಳಪೊರೆಯಲ್ಲಿ ನೆಟ್ಟುಕೊಂಡಿರುತ್ತದೆಯೆಂದು ೧೯೮೭ರಲ್ಲಿ ತಿಳಿದುಬಂದಿತು. ಅದರ ಒಂದು ಭಾಗವು ಪೊರೆಯ ಹೊರಕ್ಕೂ ಇನ್ನೊಂದು ಭಾಗವು ಒಳಕ್ಕೂ ಚಾಚಿರುತ್ತದೆ. ಒಳಭಾಗವು ನೇರವಾಗಿ ಜೀನಿನ ಎಳೆಯನ್ನು ಹಿಡಿಯಬಲ್ಲುದು. ಹೊಸ್ತಿಲಿನ ಮೇಲೆ ನಿಂತು, ಹೊರಗಿನ ಸಮಾಚಾರವನ್ನು ಒಳಗಿನವರಿಗೆ ತಾನೇ ತಲಪಿಸುವ ದ್ವಾರಪಾಲಕನಂತೆ ಇದರ ವರ್ತನೆ.

ವಿಷವೊಂದರಿಂದಲೇ ಕ್ರಿಮಿಯ ಕಾರ್ಯ ಸಾಗದು. ರಭಸದಿಂದ ಸಾಗುವ ಕರುಳಿನಲ್ಲಿ ಕೊಚ್ಚಿಹೋಗದಂತೆ ಅದು ಮೊದಲು ನೆಲೆಯೂರಬೇಕು. ಇದಕ್ಕಾಗಿ ಅದು ಮೈಯಿಂದ ಹೊರಡಿಸುವ ಸೂಕ್ಷ್ಮವಾದ ರೋಮಗಳನ್ನು ೧೯೮೭ರಲ್ಲಿ ರೊನಾಲ್ಡ್ ಟೇಲರ್ ಮತ್ತು ಅವರ ಸಂಗಡಿಗರು ಕಂಡುಹಿಡಿದರು. ವಿಷವು ತಯಾರಾಗುವ ಸಂದರ್ಭದಲ್ಲಿಯೇ ಈ ರೋಮಗಳೂ ತಯಾರಾಗುತ್ತಿದ್ದವು. ಟಾಕ್ಸ್-ಆರ್ ಇಲ್ಲದ ಕ್ರಿಮಿಯಲ್ಲಿ ಎರಡೂ ಇರುತ್ತಿರಲಿಲ್ಲ. ಮರುವರ್ಷ, ತಿಳಿದು ಒಪ್ಪಿಕೊಂಡ ಸ್ವಯಂಸೇವಕರ ಮೇಲೆ ಅಮೆರಿಕದಲ್ಲಿ ನಡೆದ ಪರೀಕ್ಷೆಯು ಇದನ್ನು ಮನುಷ್ಯದೇಹದಲ್ಲಿಯೇ ದೃಢಪಡಿಸಿತು. ರೋಮದ ಜೀನನ್ನಾಗಲಿ ಟಾಕ್ಸ್-ಆರ್ ಜೀನನ್ನಾಗಲಿ ತೆಗೆದುಹಾಕಿದ ಕ್ರಿಮಿಗಳು ಕರುಳಿನಲ್ಲಿ ನೆಲಸಲಾರದೆ ಹೋದವು. ಪೆಟೆನ್‌ಕೋಫರನು ಕುಡಿದು ತೊಂಬತ್ತಾರು ವರ್ಷಗಳಾದ ಮೇಲೆ, ಕ್ರಿಮಿಯನ್ನು ನುಂಗಿಯೂ ರೋಗ ಬಾರದಿರಲು ಸಾಧ್ಯವಾದ ಒಂದು ಕಾರಣವು ಜೀನಿನ ಮಟ್ಟದಲ್ಲಿ ಗೋಚರವಾಯಿತು.

ಮುಂದಿನ ವರ್ಷಗಳಲ್ಲಿ ಈ ಆಡಳಿತದ ಉಳಿದ ಅಧಿಕಾರಿಗಳೂ ಒಬ್ಬೊಬ್ಬರಾಗಿ ಬೆಳಕಿಗೆ ಬಂದರು. ೧೯೯೧ರಲ್ಲಿ ವಿಕ್ಟರ್ ಡಿರಿಟ ಮತ್ತು ಸಂಗಡಿಗರು ಟಾಕ್ಸ್-ಟಿ ಎಂಬ ಇನ್ನೊಂದು ಪ್ರೋಟೀನನ್ನು ಕಂಡುಹಿಡಿದರು. ಟಾಕ್ಸ್-ಆರ್ ಮುಖ್ಯವಾಗಿ ಇದರ ಜೀನನ್ನು ಎಬ್ಬಿಸುತ್ತದೆ. ಎದ್ದ ಟಾಕ್ಸ್-ಟಿ ವಿಷದ ಜೀನುಗಳನ್ನೂ ರೋಮದ ಜೀನುಗಳನ್ನೂ ಎಬ್ಬಿಸುತ್ತದೆ. ಟಾಕ್ಸ್-ಆರ್ ಈ ಕೆಲಸವನ್ನು ಒಂಟಿಯಾಗಿ ಮಾಡಲಾರದೆಂದೂ, ಅದೇ ಪೊರೆಯಲ್ಲಿ ಅದರ ಪಕ್ಕದಲ್ಲಿ ನಿಲ್ಲುವ ಟಿಸಿಪಿ-ಪಿ ಎಂಬ ಜೊತೆಗಾರನು ಬೇಕೆಂದೂ ೧೯೯೮ರಲ್ಲಿ ಗೊತ್ತಾಯಿತು. ಆ ಜೊತೆಗಾರನನ್ನು ಎಬ್ಬಿಸುವುದಕ್ಕೆ ಆಫ್-ಎ, ಆಫ್-ಬಿ ಎಂಬ ಮತ್ತಿಬ್ಬರು ಬೇಕು. ಅರಮನೆಯಲ್ಲಿ ರಾಜಾಜ್ಞೆಯು ಮಂತ್ರಿಗೆ, ಮಂತ್ರಿಯಿಂದ ದಳವಾಯಿಗೆ, ದಳವಾಯಿಯಿಂದ ಸೈನಿಕರಿಗೆ ಹೋಗುವಂತೆ ಇಲ್ಲಿಯೂ ಮೆಟ್ಟಿಲುಮೆಟ್ಟಿಲಾಗಿ ಆಜ್ಞೆಯು ಇಳಿಯುತ್ತದೆ. ಇಷ್ಟು ಮೆಟ್ಟಿಲುಗಳೇಕೆ ಎಂದರೆ, ಒಂದೊಂದು ಮೆಟ್ಟಿಲೂ ಹೊರಗಿನ ಒಂದೊಂದು ಸುದ್ದಿಯನ್ನು ಕೇಳಿ ತೂಗಿನೋಡುವ ಸ್ಥಳವಾಗಿದೆ. ವಿಷವನ್ನೂ ರೋಮವನ್ನೂ ತಯಾರಿಸುವುದು ಕ್ರಿಮಿಗೆ ದುಬಾರಿಯ ಕೆಲಸ. ತಪ್ಪಾದ ಜಾಗದಲ್ಲಿ ಆ ವೆಚ್ಚವನ್ನು ಮಾಡಿದ ಕ್ರಿಮಿಯು ಮಾಡದ ಕ್ರಿಮಿಗಿಂತ ಹಿಂದೆ ಬೀಳುತ್ತದೆ.

ಕರುಳಿನೊಳಗೂ ಎಲ್ಲ ಜಾಗವೂ ಒಂದೇ ಅಲ್ಲ. ನಡುವೆ ಹರಿಯುವ ರಸದಲ್ಲಿ ಪಿತ್ತವು ಬೆರೆತಿರುತ್ತದೆ. ಪಿತ್ತರಸವು ಟಾಕ್ಸ್-ಟಿಯ ಕೆಲಸವನ್ನು ತಡೆಯುತ್ತದೆಂದು ೧೯೯೯ರಲ್ಲಿ ಕಂಡುಬಂದಿತು. ಪಿತ್ತದಲ್ಲಿರುವ ಕೆಲವು ಕೊಬ್ಬಿನ ಆಮ್ಲಗಳೇ ಈ ತಡೆಗೆ ಕಾರಣವೆಂದು ೨೦೦೭ರಲ್ಲಿ ಕಲ್ಕತ್ತೆಯ ಸಂಶೋಧಕರು ತೋರಿಸಿದರು. ೨೦೧೦ರಲ್ಲಿ ಟಾಕ್ಸ್-ಟಿಯ ರಚನೆಯನ್ನು ಕ್ಷಕಿರಣಗಳ ಸಹಾಯದಿಂದ ಬಿಡಿಸಿದಾಗ, ಅಂಥ ಒಂದು ಕೊಬ್ಬಿನ ಆಮ್ಲದ ಅಣುವು ಅದರ ಒಡಲಿನ ಕುಳಿಯಲ್ಲಿ ಕುಳಿತಿರುವುದೇ ಕಾಣಿಸಿತು. ಇದಕ್ಕೆ ಪ್ರತಿಯಾಗಿ, ಕರುಳು ಸ್ರವಿಸುವ ಬೈಕಾರ್ಬೊನೇಟ್ ಎಂಬ ಕ್ಷಾರವು ಟಾಕ್ಸ್-ಟಿಯನ್ನು ಹುರಿದುಂಬಿಸುತ್ತದೆ. ಆದುದರಿಂದ, ಪಿತ್ತವು ಹೆಚ್ಚಾಗಿರುವ ನಡುಪ್ರವಾಹದಲ್ಲಿ ಕ್ರಿಮಿಯು ಈಜುತ್ತ ಸುಮ್ಮನಿದ್ದು, ಲೋಳೆಯನ್ನು ದಾಟಿ ಕರುಳಿನ ಗೋಡೆಯನ್ನು ಮುಟ್ಟಿದಾಗ ಆಯುಧವನ್ನು ಹೊರಗೆಳೆಯುತ್ತದೆಂದು ಶಾಸ್ತ್ರಜ್ಞರು ವಿವರಿಸುತ್ತಾರೆ.

ಇನ್ನೊಂದು ಬೆರಗಿನ ಸಂಗತಿಯೆಂದರೆ, ವಿಷದ ಜೀನು ಮೂಲತಃ ಕ್ರಿಮಿಯ ಸ್ವಂತ ಆಸ್ತಿಯೇ ಅಲ್ಲ. ಬ್ಯಾಕ್ಟೀರಿಯಗಳಿಗೂ ರೋಗ ತರುವ ವೈರಸ್ಸುಗಳಿವೆ. ಅಂಥ ದಾರದಾಕಾರದ ಒಂದು ವೈರಸ್ಸು ಕಾಲರಾ ವಿಷದ ಜೀನನ್ನು ಹೊತ್ತು ಕ್ರಿಮಿಯಿಂದ ಕ್ರಿಮಿಗೆ ಸಾಗುತ್ತದೆಂದು ಮ್ಯಾಥ್ಯೂ ವಾಲ್ಡರ್ ಮತ್ತು ಮೆಕಲಾನೋಸ್ ಅವರು ೧೯೯೬ರಲ್ಲಿ ಪ್ರಕಟಿಸಿದರು. ಆ ವೈರಸ್ಸು ಕ್ರಿಮಿಯೊಳಗೆ ಪ್ರವೇಶಿಸುವುದು, ಕ್ರಿಮಿಯು ಕರುಳಿನಲ್ಲಿ ನೆಲಸಲು ಬೆಳೆಸಿಕೊಳ್ಳುವ ರೋಮವನ್ನೇ ಹಿಡಿದುಕೊಂಡು. ಹೊರಗಿನಿಂದ ಬಂದ ಜೀನು ಹಾಗೆ ಬಂದು ಸೇರಿದಮೇಲೆ, ಮನೆಯ ಹಳೆಯ ಯಜಮಾನನಾದ ಟಾಕ್ಸ್-ಆರ್ ಅದನ್ನೂ ತನ್ನ ಆಜ್ಞೆಗೆ ಒಳಪಡಿಸಿಕೊಂಡಿದೆ. ಟಾಕ್ಸ್-ಆರ್ ರೋಗ ತರದ ತಳಿಗಳಲ್ಲಿಯೂ ಇದ್ದು, ಅಲ್ಲಿ ಹೊರಪೊರೆಯ ಪ್ರೋಟೀನುಗಳನ್ನು ನೋಡಿಕೊಳ್ಳುತ್ತಿರುತ್ತದೆ. ೨೦೦೦ರಲ್ಲಿ ಕಾಲರಾ ಕ್ರಿಮಿಯ ಒಂದು ತಳಿಯ ಆನುವಂಶಿಕ ಬರೆಹವನ್ನು ಮೊದಲಿಂದ ಕೊನೆಯವರೆಗೆ ಓದಿದಾಗ, ಸುಮಾರು ನಲವತ್ತು ಲಕ್ಷ ಅಕ್ಷರಗಳು ಎರಡು ವರ್ಣತಂತುಗಳಲ್ಲಿ ಹಂಚಿಕೊಂಡಿರುವುದು ತಿಳಿಯಿತು.

ಆಯುಧವನ್ನು ಹೂಡುವ ಕ್ರಮದಂತೆಯೇ ಕೆಳಗಿಡುವ ಕ್ರಮವೂ ಇದೆ. ಕ್ರಿಮಿಗಳು ಒಂದು ಬಗೆಯ ರಾಸಾಯನಿಕ ಅಣುಗಳನ್ನು ಹೊರಗೆ ಬಿಡುತ್ತ, ಸುತ್ತಲೂ ಅವು ಎಷ್ಟು ದಟ್ಟವಾಗಿವೆಯೆಂಬುದರಿಂದ ತಮ್ಮ ಜನಸಂಖ್ಯೆಯನ್ನು ಅಳೆಯುತ್ತವೆ. ಕಾಲರಾ ಕ್ರಿಮಿಯಲ್ಲಿ ಈ ಅಳತೆಯು ವಿಷದ ಆಡಳಿತಕ್ಕೆ ಹೇಗೆ ಜೋಡಿಕೊಂಡಿದೆಯೆಂಬುದನ್ನು ೨೦೦೨ರಲ್ಲಿ ಬಾನಿ ಬ್ಯಾಸ್ಲರ್ ಅವರ ತಂಡವೂ ಮೆಕಲಾನೋಸರ ತಂಡವೂ ಪ್ರಕಟಿಸಿದವು. ಸಂಖ್ಯೆಯು ಕಡಿಮೆಯಿದ್ದಾಗ ಆಫ್-ಎ ಎಚ್ಚೆತ್ತು ವಿಷದ ಕಡೆಗೆ ಆಜ್ಞೆ ಸಾಗುತ್ತದೆ. ಸಂಖ್ಯೆಯು ಬಹಳವಾಗಿ ಬೆಳೆದಾಗ ಹ್ಯಾಪ್-ಆರ್ ಎಂಬ ಪ್ರೋಟೀನು ತಲೆಯೆತ್ತಿ ಆಫ್-ಎಯನ್ನು ಅಡಗಿಸುತ್ತದೆ. ರೋಮವೂ ವಿಷವೂ ನಿಂತು, ಹಿಡಿತವನ್ನು ಬಿಡಿಸುವ ಕಿಣ್ವವು ಹುಟ್ಟಿ, ಕ್ರಿಮಿಗಳು ಭೇದಿಯೊಡನೆ ಹೊರಟು ಮತ್ತೆ ನೀರನ್ನು ಸೇರುತ್ತವೆ. ಅನೇಕ ರೋಗಕಾರಕಗಳು ಗುಂಪು ದೊಡ್ಡದಾದಮೇಲೆ ಕೇಡಿಗೆ ಕೈಹಾಕಿದರೆ, ಇದು ಗುಂಪು ಸಣ್ಣದಾಗಿರುವಾಗಲೇ ಕೇಡನ್ನು ಆರಂಭಿಸಿ ದೊಡ್ಡದಾದೊಡನೆ ನಿಲ್ಲಿಸುತ್ತದೆ. ಎಲ್ಲ ತಳಿಗಳಲ್ಲಿಯೂ ಈ ನಿಯಮ ಅಕ್ಷರಶಃ ನಡೆಯುವುದಿಲ್ಲವೆಂಬುದನ್ನೂ ಹೇಳಬೇಕು. ೨೦೦೦ರಲ್ಲಿ ಬರೆಹವನ್ನು ಓದಲಾದ ತಳಿಯಲ್ಲಿಯೇ ಹ್ಯಾಪ್-ಆರ್ ಜೀನು ಕೆಟ್ಟುಹೋಗಿದೆ.

ಹೀಗೆ ಹೊರಬಂದ ಕ್ರಿಮಿಯು ಒಡನೆಯೇ ಹಳೆಯ ಸಾಧುವಾಗಿಬಿಡುವುದಿಲ್ಲ. ಢಾಕಾ ನಗರದ ರೋಗಿಗಳ ಮಲದಿಂದ ತೆಗೆದ ಕ್ರಿಮಿಗಳು, ಪ್ರಯೋಗಶಾಲೆಯಲ್ಲಿ ಬೆಳೆದ ಕ್ರಿಮಿಗಳಿಗಿಂತ ನೂರಾರು ಪಟ್ಟು ಸುಲಭವಾಗಿ ಎಳೆಯ ಇಲಿಗಳಿಗೆ ಸೋಂಕನ್ನು ತಗಲಿಸಿದವೆಂದು ೨೦೦೨ರಲ್ಲಿ ವರದಿಯಾಯಿತು. ನೀರಿಗೆ ಬಿದ್ದ ಮೇಲೂ ಕೆಲವು ಗಂಟೆಗಳವರೆಗೆ ಈ ಉಗ್ರತೆ ಉಳಿಯುತ್ತದೆ. ರೋಗವಿರುವ ಮನೆಯಲ್ಲಿ ಒಬ್ಬರ ಹಿಂದೆ ಒಬ್ಬರು ಮಲಗುವುದೇಕೆ, ಕೇರಿಯ ಒಂದು ಬಾವಿ ಕೆಟ್ಟರೆ ಎರಡು ದಿನದಲ್ಲಿ ಕೇರಿಯೇ ಬರಿದಾಗುತ್ತಿದ್ದುದೇಕೆ ಎಂಬುದಕ್ಕೆ ಇದೊಂದು ವಿವರಣೆಯಾಗಬಹುದು.

ಆಜ್ಞೆಯು ಹೇಗೆ ಸಾಗುವುದೆಂದು ತಿಳಿದಮೇಲೆ ಆಜ್ಞೆಯನ್ನು ದಾರಿಯಲ್ಲಿಯೇ ತಡೆಯಬಹುದೆಂಬ ಯೋಚನೆ ಹುಟ್ಟುವುದು ಸಹಜ. ಸಾಮಾನ್ಯವಾದ ಔಷಧಗಳು ಕ್ರಿಮಿಯನ್ನು ಕೊಲ್ಲುತ್ತವೆ. ಸಾಯದೆ ಉಳಿದ ಕೆಲವು ಕ್ರಿಮಿಗಳ ಸಂತಾನವು ಔಷಧವನ್ನೇ ಲೆಕ್ಕಿಸದಂತಾಗುತ್ತದೆ. ಕೊಲ್ಲುವುದರ ಬದಲು ಆಯುಧವನ್ನು ಮಾತ್ರ ಕಸಿದುಕೊಂಡರೆ ಈ ಕಷ್ಟವು ಕಡಿಮೆಯಾಗಬಹುದು. ಕರುಳಿನ ಉಪಕಾರಿಗಳಾದ ಬ್ಯಾಕ್ಟೀರಿಯಗಳೂ ಉಳಿಯುತ್ತವೆ. ಟಾಕ್ಸ್-ಟಿಯನ್ನು ಕಟ್ಟಿಹಾಕುವ ವಿರ್‌ಸ್ಟಾಟಿನ್ ಎಂಬ ದ್ರವ್ಯವನ್ನು ೨೦೦೫ರಲ್ಲಿ ಪ್ರಕಟಿಸಲಾಯಿತು. ಅದು ಎಳೆಯ ಇಲಿಗಳ ಕರುಳಿನಲ್ಲಿ ಕ್ರಿಮಿಯು ನೆಲಸದಂತೆ ಕಾಪಾಡಿತು. ಅದಿನ್ನೂ ರೋಗಿಗಳಿಗೆ ಕೊಡುವ ಔಷಧವಾಗಿಲ್ಲ. ಆದರೆ ಆ ದಾರಿಯಿದೆಯೆಂಬುದು ಅದರಿಂದ ತಿಳಿದಿದೆ.

೧೯೬೧ರಲ್ಲಿ ಇಂಡೊನೇಷ್ಯದಲ್ಲಿ ಆರಂಭವಾದ ಕಾಲರಾದ ಏಳನೆಯ ಜಗದ್ವ್ಯಾಪಿ ಹಾವಳಿಯು ಇನ್ನೂ ಮುಗಿದಿಲ್ಲ. ಶಾಸ್ತ್ರದ ಹೊಸ ಔಷಧವು ಬರುವವರೆಗೆ ಬಡವರ ಮನೆಗಳು ಕಾದು ಕುಳಿತಿರಲಾರವು. ಬಾಂಗ್ಲಾದೇಶದ ಮಟ್ಲಬ್ ಪ್ರಾಂತದಲ್ಲಿ, ಹಳೆಯ ಸೀರೆಯನ್ನು ನಾಲ್ಕಾರು ಮಡಿಕೆಮಾಡಿ ಕೊಡದ ಬಾಯಿಗೆ ಕಟ್ಟಿ ನೀರನ್ನು ಸೋಸುವಂತೆ ಹೆಂಗಸರಿಗೆ ಕಲಿಸಿದಾಗ, ಕಾಲರಾ ಪ್ರಕರಣಗಳು ಅರ್ಧದಷ್ಟಕ್ಕೆ ಇಳಿದವೆಂದು ರೀಟಾ ಕೋಲ್‌ವೆಲ್ ಮತ್ತು ಸಂಗಡಿಗರು 2೦೦೩ರಲ್ಲಿ ವರದಿಮಾಡಿದರು. ಕ್ರಿಮಿಯು ಬಟ್ಟೆಯ ರಂಧ್ರಕ್ಕಿಂತ ಎಷ್ಟೋ ಸಣ್ಣದು. ಆದರೆ ಅದು ಕವಚ ಹಿಡಿದು ಕುಳಿತ ಜಲಜೀವಿಯು ಬಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಆಜ್ಞೆಯ ಮೊದಲ ಮೆಟ್ಟಿಲನ್ನು ತಲಪುವ ಮೊದಲೇ ಕ್ರಿಮಿಯನ್ನು ಬಾಗಿಲ ಹೊರಗೆ ನಿಲ್ಲಿಸುವ ಉಪಾಯವಿದು. ಸ್ನೋ ಪಂಪಿನ ಹಿಡಿಯನ್ನು ತೆಗೆಯಿಸಿದುದೂ, ದೇ ಅವರು ಮೊಲದ ಕರುಳಿಗೆ ದಾರ ಕಟ್ಟಿದುದೂ, ಮಹಲನಬೀಸರು ಉಪ್ಪು ಸಕ್ಕರೆಗಳ ಪೊಟ್ಟಣ ಕಟ್ಟಿಸಿದುದೂ ಇಂಥ ಎಟುಕುವ ಸಾಧನಗಳಿಂದಲೇ. ಜೀನುಗಳ ಮಟ್ಟದಲ್ಲಿ ದೊರೆತ ಜ್ಞಾನವು ಆ ಉಪಾಯಗಳೇಕೆ ಫಲಿಸಿದವೆಂಬುದನ್ನು ತಿಳಿಸಿದೆ. ಇನ್ನು ಮುಂದೆ ಎಲ್ಲಿ ಕೈಹಾಕಬಹುದೆಂಬುದನ್ನೂ ತೋರಿಸಿದೆ.